ನಿರಾಶೆಯ ವಯಸ್ಸಲ್ಲ: ಹಾರ್ಮೋನು ಮಾತ್ರೆಯ ಚರಿತ್ರೆ ಮತ್ತು ನಮ್ಮೂರಿನ ಹೆಂಗಸರು

ಹೆಂಗಸರ ಮುಟ್ಟು ನಿಲ್ಲುವ ವಯಸ್ಸಿಗೆ ಉರ್ದುವಿನಲ್ಲಿ 'ಸಿನ್ನೆ ಯಾಸ್' ಎನ್ನುತ್ತಾರೆ. ಅರಬಿಯಿಂದ ಬಂದ ಮಾತು. 'ಸಿನ್' ಎಂದರೆ ವಯಸ್ಸು, 'ಯಾಸ್' ಎಂದರೆ ನಿರಾಶೆ. ನಿರಾಶೆಯ ವಯಸ್ಸು! ಕುರ್‌ಆನಿನ 65ನೇ ಅಧ್ಯಾಯದಲ್ಲಿ ಇದ್ದತ್‌ನ ಅವಧಿಯನ್ನು ವಿವರಿಸುವಾಗ, ಇನ್ನು ಮುಟ್ಟಿನ ನಿರೀಕ್ಷೆ ಇಲ್ಲದ ಹೆಂಗಸರ ಪ್ರಸ್ತಾಪ ಬರುತ್ತದೆ. ಅವರ ಇದ್ದತ್ ಮೂರು ತಿಂಗಳು ಎಂದು ಅಲ್ಲಿ ನಿಗದಿಯಾಗಿದೆ. ಅಲ್ಲಿ ನಿರೀಕ್ಷೆ ಮುಗಿದಿರುವುದು ಮುಟ್ಟಿನ ಬಗ್ಗೆ ಮಾತ್ರ, ಬದುಕಿನ ಬಗ್ಗೆ ಅಲ್ಲ. ಆದರೆ ಮಾತು ನಾಲಗೆಯಿಂದ ನಾಲಗೆಗೆ ದಾಟುತ್ತಾ ಬಂದ ಹಾಗೆ ಆ ನಿರಾಶೆ ಇಡೀ ಹೆಂಗಸಿನ ಮೇಲೆ ಬಂದು ಕುಳಿತಿತು.

ಈ ವಯಸ್ಸು ಯಾವುದು ಎಂಬ ಬಗ್ಗೆಯೂ ಹಿಂದಿನವರಲ್ಲಿ ಏಕಾಭಿಪ್ರಾಯ ಇರಲಿಲ್ಲ. ಇದ್ದತ್‌ನ ಲೆಕ್ಕ ಅದನ್ನು ಅವಲಂಬಿಸಿದ್ದುದರಿಂದ ಕರ್ಮಶಾಸ್ತ್ರ ಪಂಡಿತರು ಅದರ ಬಗ್ಗೆ ದೀರ್ಘ ಚರ್ಚೆ ಮಾಡಿದ್ದಾರೆ. ಹನಫಿಗಳಲ್ಲಿ 55 ಎಂಬ ಅಭಿಪ್ರಾಯ ಪ್ರಚಲಿತವಾದರೆ ಶಾಫಿಈಗಳಲ್ಲಿ 62 ಎಂಬುದು ಪ್ರಸಿದ್ಧವಾಯಿತು. ನಮ್ಮ ಆಯುರ್ವೇದದ ಸುಶ್ರುತ ಸಂಹಿತೆ ಹನ್ನೆರಡರಿಂದ ಐವತ್ತು ಎಂದಿತು. ಇಂದಿನ ವೈದ್ಯರು ಭಾರತದ ಹೆಂಗಸರ ಸರಾಸರಿಯನ್ನು 46-47 ಎನ್ನುತ್ತಾರೆ. ಯುರೋಪು, ಅಮೆರಿಕದ ಹೆಂಗಸರಿಗಿಂತ ನಾಲ್ಕೈದು ವರ್ಷ ಮೊದಲು.

ಪುತ್ತೂರು, ಸುಳ್ಯ, ಕಡಬದ ಮುಸ್ಲಿಂ ಮನೆಗಳಲ್ಲಿ ಈ ಸಂಗತಿಗೆ ಬೇರೆಯೇ ಒಂದು ಲೆಕ್ಕವಿದೆ. "ಈ ಸಲ ಮೂವತ್ತೂ ನೋಂಬು ಸಿಕ್ಕಿತು" ಎಂದು ನಡುವಯಸ್ಸಿನ ಹೆಂಗಸೊಬ್ಬಳು ಹೇಳಿದರೆ ಉಳಿದ ಹೆಂಗಸರಿಗೆ ಅರ್ಥವಾಗುತ್ತದೆ. ಬಾಕಿ ನೋಂಬು ಹಿಡಿಯುವ ರಗಳೆ ಇಲ್ಲ, ನಮಾಝ್ ಬಿಡಬೇಕಾಗಿಲ್ಲ, ಹಜ್ಜ್‌ಗೆ ಹೋದರೆ ದಿನ ಎಣಿಸಬೇಕಾಗಿಲ್ಲ. ಅಲ್ಲಿ ನಿರಾಶೆ ಇಲ್ಲ, ಸಣ್ಣದೊಂದು ಬಿಡುಗಡೆ ಇದೆ.

ಆದರೆ ಹೊರಗೆ ಕಾಣುವ ರಕ್ತ ನಿಂತದ್ದು ಎಲ್ಲರಿಗೂ ಗೊತ್ತಾಗುತ್ತದೆ; ಒಳಗೆ ಹರಿಯುವ ರಕ್ತದ ದಾರಿಯಲ್ಲಿ ಅದೇ ಹೊತ್ತಿಗೆ ಏನಾಗುತ್ತದೆ ಎಂಬುದು ಯಾರಿಗೂ ಕಾಣುವುದಿಲ್ಲ. ಅದನ್ನು ತಿಳಿಯಲು ಮತ್ತು ಮಾತ್ರೆಯೊಂದರಿಂದ ತಡೆಯಲು ಪಾಶ್ಚಾತ್ಯ ವೈದ್ಯರು ನೂರು ವರ್ಷಗಳಿಂದ ಮಾಡಿದ ಪ್ರಯತ್ನದ ಚರಿತ್ರೆ ಬಹಳ ಕುತೂಹಲಕರವಾದದ್ದು. ಆ ಚರಿತ್ರೆಗೂ ನಮ್ಮ ಅಡಿಕೆ ತೋಟಗಳ ನಡುವಿನ ಮನೆಗಳಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ.

ಕುದುರೆಯ ಮೂತ್ರದಿಂದ ಮಾತ್ರೆ

'ಮೆನೋಪಾಸ್' ಎಂಬ ಪದ ಹಳೆಯದಲ್ಲ. 1821ರಲ್ಲಿ ಫ್ರಾನ್ಸಿನ ವೈದ್ಯ ಗಾರ್ದಾನ್ ಅದನ್ನು ತನ್ನ ಪುಸ್ತಕದ ಹೆಸರಿನಲ್ಲಿ ಬಳಸಿದ. ಅದಕ್ಕಿಂತ ಮೊದಲು ಇಬ್ನ್ ಸೀನಾನ 'ಕಾನೂನ್'ನಂತಹ ಯುನಾನಿ ಗ್ರಂಥಗಳಲ್ಲಿ 'ಇಹ್ತಿಬಾಸೆ ತಮ್ಸ್', ಅಂದರೆ ಮುಟ್ಟು ತಡೆದು ನಿಲ್ಲುವುದು, ಒಂದು ತೊಂದರೆಯಾಗಿ ಬರುತ್ತದೆ. ಹೊರಹೋಗಬೇಕಾದ ರಕ್ತ ಒಳಗೇ ಉಳಿದು ಕೆಡುಕು ಮಾಡುತ್ತದೆ ಎಂಬುದು ಹಳೆಯ ಗ್ರೀಕ್-ಅರಬ್ ವೈದ್ಯರ ನಂಬಿಕೆಯಾಗಿತ್ತು. ನಮ್ಮ ಕಡೆ ಇಂದಿಗೂ "ಕೆಟ್ಟ ರಕ್ತ ಹೋಗಬೇಕು" ಎನ್ನುವವರಿದ್ದಾರಲ್ಲ, ಆ ಮಾತಿಗೂ ಇಂತಹದೇ ಹಳೆಯ ಬೇರುಗಳಿವೆ.

ನಿಲ್ಲುವುದು ರಕ್ತ ಮಾತ್ರವಲ್ಲ, ಅಂಡಾಶಯದಿಂದ ಬರುವ ಒಂದು ರಾಸಾಯನಿಕ ಎಂದು ತಿಳಿದದ್ದು ಇಪ್ಪತ್ತನೇ ಶತಮಾನದಲ್ಲಿ. 1923ರಲ್ಲಿ ಅಮೆರಿಕದ ಅಲೆನ್ ಮತ್ತು ಡಾಯ್ಸಿ ಎಂಬವರು ಹಂದಿಯ ಅಂಡಾಶಯದ ದ್ರವದಲ್ಲಿ ಅದರ ಗುರುತು ಹಿಡಿದರು. 1929ರಲ್ಲಿ ಡಾಯ್ಸಿ ಅಮೆರಿಕದಲ್ಲೂ ಬೂಟೆನಾಂಟ್ ಜರ್ಮನಿಯಲ್ಲೂ ಗರ್ಭಿಣಿಯರ ಮೂತ್ರದಿಂದ ಅದನ್ನು ಬೇರ್ಪಡಿಸಿದರು. ಅದೇ ಈಸ್ಟ್ರೋಜನ್ ಗುಂಪಿನ ಹಾರ್ಮೋನು. ಅದನ್ನು ಅಗ್ಗವಾಗಿ ಮಾಡುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ಗರ್ಭಿಣಿ ಕುದುರೆಯ ಮೂತ್ರದಲ್ಲಿ ಅದು ಧಾರಾಳವಾಗಿ ಇದೆ ಎಂದು ಗೊತ್ತಾಯಿತು. 1941ರಲ್ಲಿ ಕೆನಡಾದಲ್ಲಿ, 1942ರಲ್ಲಿ ಅಮೆರಿಕದಲ್ಲಿ 'ಪ್ರೆಮರಿನ್' ಎಂಬ ಮಾತ್ರೆ ಮಾರಾಟಕ್ಕೆ ಬಂತು. ಗರ್ಭಿಣಿ, ಕುದುರೆ, ಮೂತ್ರ ಎಂಬ ಮೂರು ಇಂಗ್ಲಿಷ್ ಪದಗಳ ತುಣುಕುಗಳನ್ನು ಸೇರಿಸಿದರೆ ಆ ಹೆಸರು!

ಇಂತಹ ಔಷಧ ಸೇವಿಸಬಹುದೇ ಎಂಬ ಪ್ರಶ್ನೆ ಕೆಲವು ಓದುಗರ ಮನಸ್ಸಿನಲ್ಲಿ ಏಳಬಹುದು. ಅದಕ್ಕೆ ಉತ್ತರ ಇಂದು ಕಷ್ಟದ್ದಲ್ಲ. 1940ರ ದಶಕದಲ್ಲೇ ರಸೆಲ್ ಮಾರ್ಕರ್ ಎಂಬ ರಸಾಯನಶಾಸ್ತ್ರಜ್ಞ ಮೆಕ್ಸಿಕೋದ ಕಾಡುಗೆಣಸಿನಿಂದ ಹಾರ್ಮೋನು ತಯಾರಿಸುವ ದಾರಿ ತೆರೆದ. ಕಾಡುಗೆಣಸು, ಸೋಯಾದಂತಹ ಸಸ್ಯಮೂಲದಿಂದ ತಯಾರಾದ ಈಸ್ಟ್ರಡಯಾಲ್ ಇಂದು ಮಾತ್ರೆ, ಚರ್ಮಕ್ಕೆ ಹಚ್ಚುವ ಜೆಲ್, ಅಂಟಿಸುವ ಪಟ್ಟಿಯ ರೂಪದಲ್ಲಿ ಸಿಗುತ್ತದೆ.

ಮಾತ್ರೆಯ ಉದ್ದೇಶ ಮೊದಲಿಗೆ ಸರಳವಾಗಿತ್ತು. ಮುಟ್ಟು ನಿಲ್ಲುವ ಕಾಲದಲ್ಲಿ ಮೈ ಒಮ್ಮೆಲೇ ಬಿಸಿ ಏರುವುದು, ರಾತ್ರಿ ಬೆವರುವುದು, ನಿದ್ದೆ ಕೆಡುವುದು, ಇವುಗಳನ್ನು ತಗ್ಗಿಸುವುದು. ಅದನ್ನು ಅದು ಚೆನ್ನಾಗಿಯೇ ಮಾಡುತ್ತಿತ್ತು, ಇಂದಿಗೂ ಮಾಡುತ್ತದೆ. ಆದರೆ 1966ರಲ್ಲಿ ನ್ಯೂಯಾರ್ಕಿನ ವೈದ್ಯ ರಾಬರ್ಟ್ ವಿಲ್ಸನ್ 'ಫೆಮಿನೈನ್ ಫಾರೆವರ್' ಎಂಬ ಪುಸ್ತಕ ಬರೆದ. ಮುಟ್ಟು ನಿಲ್ಲುವುದು ಒಂದು ಕೊರತೆಯ ರೋಗ, ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಹೇಗೋ ಹೆಂಗಸರಿಗೆ ಈಸ್ಟ್ರೋಜನ್ ಹಾಗೆ, ಅದನ್ನು ಜೀವನಪೂರ್ತಿ ತೆಗೆದುಕೊಂಡರೆ ಹೆಂಗಸು ಹೆಂಗಸಾಗಿಯೇ ಉಳಿಯುತ್ತಾಳೆ ಎಂಬುದು ಅವನ ವಾದ. ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು. ಹಾರ್ಮೋನು ತಯಾರಿಸುವ ಕಂಪೆನಿಗಳ ಹಣ ಅವನ ಕೆಲಸದ ಹಿಂದೆ ಇದ್ದುದು ಆಮೇಲೆ ಬಯಲಾಯಿತು. ಅಲ್ಲಿನ 'ನಿರಾಶೆಯ ವಯಸ್ಸು' ಹೀಗೆ ಅಂಗಡಿಯಲ್ಲಿ ಮಾರಾಟಕ್ಕೆ ಬಂತು.

ರಕ್ತನಾಳದ ಒಳಗೋಡೆ

ಹೆಂಗಸರ ಹೃದಯದ ಮಾತು ಈ ಕಥೆಯೊಳಗೆ ಬಂದದ್ದು ಇನ್ನೊಂದು ದಾರಿಯಿಂದ. ಅಮೆರಿಕದ ಫ್ರಾಮಿಂಗ್‌ಹ್ಯಾಂ ಎಂಬ ಪಟ್ಟಣದ ಸಾವಿರಾರು ಜನರನ್ನು 1948ರಿಂದ ವರ್ಷಾನುಗಟ್ಟಲೆ ಪರೀಕ್ಷಿಸುತ್ತಾ ಬಂದ ವೈದ್ಯರು 1976ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ಒಂದೇ ವಯಸ್ಸಿನ ಹೆಂಗಸರಲ್ಲಿ ಮುಟ್ಟು ನಿಂತವರಿಗೆ ಹೃದ್ರೋಗ ಹೆಚ್ಚು, ಮುಟ್ಟು ಇದ್ದವರಿಗೆ ಕಡಿಮೆ. ಹಾಗಾದರೆ ಹೆಂಗಸನ್ನು ಅಷ್ಟು ಕಾಲ ಕಾಪಾಡುತ್ತಿದ್ದುದು ಈಸ್ಟ್ರೋಜನ್ ಇರಬಹುದೇ?

ಇರಬಹುದು ಎನ್ನಲು ಕಾರಣಗಳಿದ್ದವು. ನಮ್ಮ ರಕ್ತನಾಳಗಳು ಬರೇ ರಬ್ಬರ್ ಪೈಪುಗಳಲ್ಲ. ಅವುಗಳ ಒಳಮೈಯಲ್ಲಿ ತೆಳುವಾದ ಒಂದು ಪದರ ಇದೆ. ಆ ಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಉತ್ಪಾದಿಸಿ ನಾಳವನ್ನು ಸಡಿಲಗೊಳಿಸುತ್ತದೆ. ಇದನ್ನು ಕಂಡುಹಿಡಿದ ಮೂವರಿಗೆ 1998ರ ನೊಬೆಲ್ ಬಹುಮಾನ ಬಂತು. ಈಸ್ಟ್ರೋಜನ್ ಆ ಒಳಪದರವನ್ನು ಚುರುಕಾಗಿಡುತ್ತದೆ. ಕೆಟ್ಟ ಕೊಲೆಸ್ಟ್ರಾಲನ್ನು ತಗ್ಗಿಸಿ ಒಳ್ಳೆಯದನ್ನು ಏರಿಸುತ್ತದೆ. ಅದು ಕಡಿಮೆಯಾದಾಗ ನಾಳಗಳು ಬಿರುಸಾಗುತ್ತವೆ, ರಕ್ತದೊತ್ತಡ ಏರುತ್ತದೆ, ಕೊಬ್ಬು ಗೋಡೆಗೆ ಅಂಟಲು ತೊಡಗುತ್ತದೆ. ಎದೆಯ ಮೇಲೆ ಆನೆ ಕೂತ ಹಾಗೆ ಒಂದು ದಿನ ಇದ್ದಕ್ಕಿದ್ದಂತೆ ಬರುವ ನೋವು ಹತ್ತು ಹದಿನೈದು ವರ್ಷ ಮೊದಲೇ ಸದ್ದಿಲ್ಲದೆ ಹೊರಟಿರುತ್ತದೆ.

ವಿಚಿತ್ರವೆಂದರೆ ಈ ಹೆಣ್ಣಿನ ಹಾರ್ಮೋನನ್ನು ಹೃದಯ ರಕ್ಷಣೆಗಾಗಿ ದೊಡ್ಡ ಪ್ರಮಾಣದಲ್ಲಿ ಮೊದಲು ಪರೀಕ್ಷಿಸಿದ್ದು ಗಂಡಸರ ಮೇಲೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಒಮ್ಮೆ ಹೃದಯಾಘಾತವಾಗಿದ್ದ 8 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ಬೇರೆ ಬೇರೆ ಔಷಧಗಳ ಪರೀಕ್ಷೆ ನಡೆಯಿತು. ಅವರಲ್ಲಿ ಒಂದು ಪಾಲು ಜನರಿಗೆ ಈಸ್ಟ್ರೋಜನ್ ಕೊಟ್ಟರು. ಲಾಭದ ಬದಲು ಕೆಡುಕು ಕಂಡುಬಂದು 1970 ಮತ್ತು 1973ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಇದೊಂದು ಎಚ್ಚರಿಕೆಯಾಗಬೇಕಿತ್ತು, ಯಾರೂ ಹೆಚ್ಚು ಗಮನ ಕೊಡಲಿಲ್ಲ. 1975ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಬರೇ ಈಸ್ಟ್ರೋಜನ್ ತೆಗೆದುಕೊಂಡ ಹೆಂಗಸರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚು ಎಂದು ತಿಳಿಯಿತು. ಅಂದಿನಿಂದ ಗರ್ಭಕೋಶ ಇರುವವರಿಗೆ ಅದರ ಜೊತೆ ಪ್ರೊಜೆಸ್ಟರಾನ್ ಜಾತಿಯ ಔಷಧವನ್ನೂ ಸೇರಿಸಿ ಕೊಡುವ ಕ್ರಮ ಬಂತು.

1985ರಲ್ಲಿ ಒಂದೇ ವೈದ್ಯಕೀಯ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಅಧ್ಯಯನಗಳು ಅಕ್ಕಪಕ್ಕ ಅಚ್ಚಾದವು. ಹಾರ್ಮೋನು ತೆಗೆದುಕೊಂಡವರಲ್ಲಿ ಹೃದ್ರೋಗ ಕಡಿಮೆ ಎಂದು ನರ್ಸ್‌ಗಳ ಮೇಲೆ ನಡೆಸಿದ ಅಧ್ಯಯನ ಹೇಳಿದರೆ, ಹೆಚ್ಚು ಎಂದು ಫ್ರಾಮಿಂಗ್‌ಹ್ಯಾಂ ಹೇಳಿತು. ವೈದ್ಯಲೋಕ ಮೊದಲನೆಯದನ್ನು ನಂಬಿತು. ಆದರೆ ಹಾರ್ಮೋನು ತೆಗೆದುಕೊಳ್ಳುತ್ತಿದ್ದವರು ಸಾಮಾನ್ಯವಾಗಿ ಓದಿದವರು, ಅನುಕೂಲಸ್ಥರು, ವೈದ್ಯರ ಬಳಿಗೆ ತಪ್ಪದೆ ಹೋಗುವವರು. ಅವರ ಹೃದಯ ಚೆನ್ನಾಗಿದ್ದುದು ಮಾತ್ರೆಯಿಂದಲೋ ಬದುಕಿನ ಅನುಕೂಲದಿಂದಲೋ? ಈ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಹೃದಯ ಉಳಿಸುವ ಮಾತ್ರೆ ಎಂಬ ಹೆಸರು ಅದಕ್ಕೆ ಬಂದಾಗಿತ್ತು.

2002ರ ತೀರ್ಪು

ಮೊದಲ ಉತ್ತರ 1998ರಲ್ಲಿ ಬಂತು. ಆಗಲೇ ಹೃದ್ರೋಗ ಇದ್ದ 2,763 ಹೆಂಗಸರಿಗೆ ಚೀಟಿ ಎತ್ತಿದ ಹಾಗೆ ಅರ್ಧ ಜನರಿಗೆ ಹಾರ್ಮೋನು, ಅರ್ಧ ಜನರಿಗೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟು ನೋಡಿದರು. ಲಾಭ ಕಾಣಲಿಲ್ಲ. ಮೊದಲ ವರ್ಷದಲ್ಲಂತೂ ಹಾರ್ಮೋನು ತೆಗೆದುಕೊಂಡವರಿಗೇ ಹೆಚ್ಚು ಹೃದಯಾಘಾತಗಳಾದವು.

ಎರಡನೆಯದು ಬಹಳ ದೊಡ್ಡ ಅಧ್ಯಯನ. 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಎಂಬ ಅಮೆರಿಕ ಸರಕಾರದ ಆ ಯೋಜನೆಯಲ್ಲಿ 50ರಿಂದ 79 ವರ್ಷದ 16,608 ಹೆಂಗಸರಿಗೆ ಎರಡೂ ಹಾರ್ಮೋನುಗಳ ಮಾತ್ರೆ ಅಥವಾ ಹುಸಿ ಮಾತ್ರೆ ಕೊಟ್ಟಿದ್ದರು. ಸರಾಸರಿ 5.2 ವರ್ಷಗಳಾದಾಗ, 2002ರ ಜುಲೈಯಲ್ಲಿ, ಅದನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ವರ್ಷಕ್ಕೆ ಹತ್ತು ಸಾವಿರ ಹೆಂಗಸರ ಲೆಕ್ಕದಲ್ಲಿ, ಹುಸಿ ಮಾತ್ರೆಯವರಲ್ಲಿ 30 ಮಂದಿಗೆ ಹೃದ್ರೋಗವಾದರೆ ಹಾರ್ಮೋನಿನವರಲ್ಲಿ 37 ಮಂದಿಗೆ; ಪಾರ್ಶ್ವವಾಯು 21ರ ಬದಲು 29; ಸ್ತನ ಕ್ಯಾನ್ಸರ್ 30ರ ಬದಲು 38. ಸೊಂಟದ ಮೂಳೆ ಮುರಿತ ಮಾತ್ರ 15ರಿಂದ 10ಕ್ಕೆ ಇಳಿದಿತ್ತು. ಗರ್ಭಕೋಶ ಇಲ್ಲದ 10,739 ಹೆಂಗಸರಿಗೆ ಬರೇ ಈಸ್ಟ್ರೋಜನ್ ಕೊಟ್ಟ ಇನ್ನೊಂದು ಭಾಗವನ್ನೂ 2004ರಲ್ಲಿ ನಿಲ್ಲಿಸಿದರು. ಅಲ್ಲೂ ಪಾರ್ಶ್ವವಾಯು ಹೆಚ್ಚಾಗಿತ್ತು, ಹೃದಯಕ್ಕೆ ಒಟ್ಟಾರೆ ಲಾಭವಾಗಿರಲಿಲ್ಲ.

ಸುದ್ದಿ ಬೆಂಕಿಯಂತೆ ಹಬ್ಬಿತು. ಸ್ತನ ಕ್ಯಾನ್ಸರ್ ಶೇ. 26ರಷ್ಟು ಹೆಚ್ಚಳ ಎಂದು ಪತ್ರಿಕೆಗಳು ಬರೆದವು. ಹತ್ತು ಸಾವಿರಕ್ಕೆ ಎಂಟು ಎಂದು ಬರೆದಿದ್ದರೆ ಅದೇ ಸತ್ಯ ಬೇರೆ ರೀತಿ ಕೇಳಿಸುತ್ತಿತ್ತು. ಲಕ್ಷಾಂತರ ಹೆಂಗಸರು ಮಾತ್ರೆ ಬಿಟ್ಟರು, ವೈದ್ಯರು ಬರೆಯುವುದನ್ನೇ ಬಿಟ್ಟರು. 2003ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಔಷಧದ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಎಲ್ಲರಿಗೂ ಕೊಡಿ ಎಂಬಲ್ಲಿಂದ ಯಾರಿಗೂ ಬೇಡ ಎಂಬಲ್ಲಿಗೆ ಒಂದೇ ನೆಗೆತ!

ಆಮೇಲೆ ಉದ್ವೇಗ ಇಳಿದಾಗ ಕೆಲವರು ಆ ಅಂಕಿಅಂಶಗಳನ್ನು ಮತ್ತೆ ಬಿಡಿಸಿ ನೋಡಿದರು. ಪರೀಕ್ಷೆಗೆ ಒಳಗಾದ ಹೆಂಗಸರ ಸರಾಸರಿ ವಯಸ್ಸು 63. ಎಷ್ಟೋ ಮಂದಿಗೆ ಮುಟ್ಟು ನಿಂತು ಹತ್ತು ವರ್ಷ ಕಳೆದಿತ್ತು. 2007ರಲ್ಲಿ ವಯಸ್ಸಿನ ಪ್ರಕಾರ ವಿಂಗಡಿಸಿದಾಗ, ಮುಟ್ಟು ನಿಂತು ಹತ್ತು ವರ್ಷದೊಳಗೆ ಆರಂಭಿಸಿದವರಲ್ಲಿ ಹೃದ್ರೋಗ ಹೆಚ್ಚಿದ್ದು ಕಾಣಲಿಲ್ಲ; ತಡವಾಗಿ ಆರಂಭಿಸಿದವರಲ್ಲೇ ತೊಂದರೆ ಹೆಚ್ಚು. ರಕ್ತನಾಳ ನುಣುಪಾಗಿರುವಾಗ ಈಸ್ಟ್ರೋಜನ್ ಅದನ್ನು ಕಾಯಬಹುದು, ಈಗಾಗಲೇ ಕೊಬ್ಬು ಕಟ್ಟಿದ ನಾಳದಲ್ಲಿ ಅದೇ ಹಾರ್ಮೋನು ಆ ಕಟ್ಟನ್ನು ಒಡೆದು ರಕ್ತ ಹೆಪ್ಪುಗಟ್ಟಿಸಬಹುದು ಎಂಬ ವಿವರಣೆ ಬಂತು. 2016ರಲ್ಲಿ 643 ಹೆಂಗಸರ ಕತ್ತಿನ ರಕ್ತನಾಳದ ಗೋಡೆಯನ್ನು ಅಳೆದ ಒಂದು ಪರೀಕ್ಷೆ ಈ ಮಾತಿಗೆ ಬಲ ಕೊಟ್ಟಿತು. ಮುಟ್ಟು ನಿಂತು ಆರು ವರ್ಷದೊಳಗಿನವರಲ್ಲಿ ಗೋಡೆ ದಪ್ಪವಾಗುವುದು ನಿಧಾನವಾಯಿತು, ಹತ್ತು ವರ್ಷ ದಾಟಿದವರಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಅದಕ್ಕಿಂತ ಎರಡು ವರ್ಷ ಮೊದಲು, 727 ಹೆಂಗಸರ ಮೇಲೆ ನಡೆದ ಇನ್ನೊಂದು ಪರೀಕ್ಷೆಯಲ್ಲಿ ಬೇಗ ಆರಂಭಿಸಿದವರಲ್ಲೂ ಅಂತಹ ಲಾಭ ಕಂಡಿರಲಿಲ್ಲ ಎಂಬುದನ್ನೂ ಹೇಳಬೇಕು. ನುಂಗುವ ಮಾತ್ರೆ ಯಕೃತ್ತಿನ ಮೂಲಕ ಹಾದು ರಕ್ತ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುತ್ತದೆ, ಚರ್ಮಕ್ಕೆ ಅಂಟಿಸುವ ಪಟ್ಟಿಯಲ್ಲಿ ಆ ಅಪಾಯ ಕಡಿಮೆ ಎಂಬುದೂ ತಿಳಿಯಿತು.

ಕೊನೆಗೆ 2025ರ ನವೆಂಬರ್‌ನಲ್ಲಿ ಅಮೆರಿಕದ ಅದೇ ಇಲಾಖೆ, ಹೃದ್ರೋಗ ಮತ್ತು ಸ್ತನ ಕ್ಯಾನ್ಸರ್ ಬಗೆಗಿನ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ತೆಗೆಸುವುದಾಗಿ ಪ್ರಕಟಿಸಿತು. ಹಾಗೆಂದು ಅದು ಮತ್ತೆ ಹೃದಯ ಉಳಿಸುವ ಮಾತ್ರೆ ಆಗಿಬಿಟ್ಟಿತು ಎಂದಲ್ಲ. ತೊಂದರೆ ಇರುವ, ಬೇರೆ ಅಪಾಯ ಇಲ್ಲದ, ಅರುವತ್ತರೊಳಗಿನ ಹೆಂಗಸರು ವೈದ್ಯರ ಸಲಹೆಯಂತೆ ತೆಗೆದುಕೊಳ್ಳಬಹುದು; ಬರೇ ಹೃದಯಾಘಾತ ತಡೆಯಲಿಕ್ಕೆಂದು ತೆಗೆದುಕೊಳ್ಳುವುದು ಬೇಡ ಎಂಬುದೇ ಇಂದಿಗೂ ಹೆಚ್ಚಿನ ತಜ್ಞರ ಮಾತು.

ಸೆಕೆಯ ನಾಡಿನಲ್ಲಿ

ಈಗ ಊರಿಗೆ ಬರೋಣ. ಮೇಲೆ ಹೇಳಿದ 2002ರಲ್ಲೇ ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರ ಸಾಹಸದಿಂದ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಆರಂಭವಾಯಿತು. ಅದಕ್ಕಿಂತ ಮೊದಲು ದೊಡ್ಡ ಕಾಯಿಲೆ ಎಂದರೆ ಮಂಗಳೂರಿನ ವೆನ್ಲಾಕ್, ಹೆಂಗಸರ ಕಾಯಿಲೆ ಎಂದರೆ ಲೇಡಿ ಗೋಶನ್ ಎಂದೇ ಲೆಕ್ಕ. ಹೀಗಿರುವಾಗ ಹಾರ್ಮೋನು ಮಾತ್ರೆಯ ಏರಿಳಿತ ಇಲ್ಲಿನ ಸಾಮಾನ್ಯ ಹೆಂಗಸರನ್ನು ತಟ್ಟಲೇ ಇಲ್ಲ. ಬೆಂಗಳೂರು, ಮುಂಬಯಿಯ ಅನುಕೂಲಸ್ಥರು ಅದನ್ನು ತೆಗೆದುಕೊಂಡರು, ಬಿಟ್ಟರು. ನಮ್ಮಲ್ಲಿಗೆ ಚಿಕಿತ್ಸೆ ಬರುವ ಮೊದಲೇ ಅದರ ಭಯ ಬಂತು. "ಹಾರ್ಮೋನು ಎಂದರೆ ಕ್ಯಾನ್ಸರ್" ಎಂಬಷ್ಟು ಮಾತ್ರ ಎಲ್ಲರಿಗೂ ಗೊತ್ತು.

ಅಲ್ಲದೆ ಇದು ಸೆಕೆಯ ನಾಡು. ಮಾರ್ಚಿನಿಂದ ಮಳೆ ಬರುವವರೆಗೆ ಎಲ್ಲರೂ ಬೆವರುತ್ತಾರೆ. ನಲವತ್ತೇಳರ ಹೆಂಗಸು ಒಲೆಯ ಮುಂದೆ ಒಮ್ಮೆಲೇ ಮುಖ ಕೆಂಪಾಗಿ ಬೆವತರೆ ಅದನ್ನು ಬೇರೆ ಮಾಡಿ ನೋಡುವವರು ಯಾರು? "ಉಷ್ಣ ಆಗಿದೆ" ಎಂದು ಬೊಂಡ ಕೆತ್ತಿ ಕೊಡುತ್ತಾರೆ, ಪುನರ್ಪುಳಿ ಶರಬತ್ತು ಮಾಡುತ್ತಾರೆ. ಕುಡಿದರೆ ತಂಪು, ತಪ್ಪಿಲ್ಲ. ಆದರೆ ಆ ಬೆವರಿನ ಜೊತೆಗೇ ರಕ್ತದೊತ್ತಡ ಏರತೊಡಗಿದೆಯೇ ಎಂದು ಅಳೆಯುವ ಅಭ್ಯಾಸ ನಮ್ಮಲ್ಲಿ ಬರಲಿಲ್ಲ.

ಈ ಮೂರು ತಾಲೂಕುಗಳ ಹೆಂಗಸರ ದುಡಿಮೆಯನ್ನು ಗಮನಿಸಿ. ಅಡಿಕೆ ಸುಲಿಯುವವರು, ರಬ್ಬರ್ ಟ್ಯಾಪಿಂಗ್ ಮಾಡುವವರು, ಎಲ್ಲಕ್ಕಿಂತ ಹೆಚ್ಚಾಗಿ ಬೀಡಿ ಕಟ್ಟಿದವರು. ಬೀಡಿಯ ದುಡ್ಡಿನಲ್ಲಿ ಮಕ್ಕಳನ್ನು ಓದಿಸಿದ, ಹೆಣ್ಣುಮಕ್ಕಳ ಮದುವೆ ಮಾಡಿದ ತಾಯಂದಿರು ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಎಲ್ಲ ಮನೆಗಳಲ್ಲೂ ಇದ್ದಾರೆ. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ದಿನಕ್ಕೆ ಎಂಟು ಹತ್ತು ಗಂಟೆ ಕುಳಿತು, ಹೊಗೆಸೊಪ್ಪಿನ ಧೂಳು ಉಸಿರಾಡಿದವರು. ಇನ್ನು ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ. ಬೀಡಿ ಸೇದುವ ಹೆಂಗಸರು ನಮ್ಮಲ್ಲಿ ಕಡಿಮೆ, ಆದರೆ ಹೊಗೆಸೊಪ್ಪು ಜಗಿಯುವ ಅಜ್ಜಿಯರು, ಅಮ್ಮಂದಿರು ಬೇಕಾದಷ್ಟು. ಸೇದಿದರೂ ಜಗಿದರೂ ಹೊಗೆಸೊಪ್ಪಿನ ನಿಕೋಟಿನ್ ರಕ್ತನಾಳವನ್ನು ಬಿಗಿ ಮಾಡುತ್ತದೆ. ಅಡಿಕೆಯ ಮೇಲೆಯೇ ಬದುಕು ನಿಂತ ಊರಿನಲ್ಲಿ ಇದನ್ನು ಹೇಳುವುದು ಸುಲಭವಲ್ಲ, ಆದರೂ ಹೇಳಲೇಬೇಕು. ಇದರ ಜೊತೆ ಗಂಜಿಗೆ ಒಣಮೀನು, ಉಪ್ಪಿನಕಾಯಿ. ಈಸ್ಟ್ರೋಜನ್ ಇರುವ ತನಕ ಈ ಎಲ್ಲ ಹೊಡೆತಗಳನ್ನು ಹೇಗೋ ತಡೆದುಕೊಂಡ ನಾಳಗಳು ಅದು ಹೋದ ಮೇಲೆ ಸೋಲತೊಡಗುತ್ತವೆ.

ಆಗ ಬರುವ ನೋವಿಗೂ ನಮ್ಮಲ್ಲಿ ಒಂದು ಹೆಸರು ಸಿದ್ಧವಾಗಿದೆ: ಗ್ಯಾಸ್ಟ್ರಿಕ್. ಹೆಂಗಸರ ಹೃದಯಾಘಾತ ಎಲ್ಲ ಸಲವೂ ಎದೆ ಹಿಡಿದುಕೊಂಡು ಬೀಳುವ ರೀತಿಯಲ್ಲಿ ಬರುವುದಿಲ್ಲ. ಏದುಸಿರು, ವಿಪರೀತ ಸುಸ್ತು, ದವಡೆ ಅಥವಾ ಬೆನ್ನಿನ ನೋವು, ವಾಂತಿ ಬಂದ ಹಾಗೆ ಆಗುವುದು, ಹೀಗೆಲ್ಲ ಕಾಣಿಸಿಕೊಳ್ಳಬಹುದು. ಗಂಡಸಿಗೆ ಹೀಗಾದರೆ ಜೀಪು ಬರುತ್ತದೆ. ಹೆಂಗಸಿಗಾದರೆ ಜೀರಿಗೆ ಕಷಾಯ ಬರುತ್ತದೆ. ಸುಳ್ಯದಿಂದ ಮಂಗಳೂರಿಗೆ 80 ಕಿಲೋಮೀಟರಿಗೂ ಹೆಚ್ಚು ದಾರಿ; ಕಷಾಯಕ್ಕೆ ಕಳೆದ ಒಂದು ಗಂಟೆ ಅಲ್ಲಿ ಮತ್ತೆ ಸಿಗುವುದಿಲ್ಲ.

ಒಳ್ಳೆಯ ಸುದ್ದಿಯೂ ಇದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಎಂಬ ಪ್ರಯತ್ನ ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ತಲುಪಿಸಿದೆ. ಅಲ್ಲಿ ತೆಗೆದ ಇಸಿಜಿಯನ್ನು ಮೊಬೈಲಿನಲ್ಲಿ ಕಳಿಸಿದರೆ ದೂರದ ತಜ್ಞರು ನೋಡಿ ಸಲಹೆ ಕೊಡುತ್ತಾರೆ. 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇದೇ ದಾರಿಯದ್ದು. ಮೂವತ್ತು ದಾಟಿದವರ ಬಿಪಿ, ಶುಗರ್ ಪರೀಕ್ಷೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಯಂತ್ರ ಹತ್ತಿರ ಬಂದಿದೆ. ಹೆಂಗಸು ಅದರ ಹತ್ತಿರ ಹೋಗಬೇಕು, ಅಥವಾ ಮನೆಯವರು ಕರೆದುಕೊಂಡು ಹೋಗಬೇಕು.

ಗರ್ಭಕೋಶ ತೆಗೆಸಿದವರು

ಹಾರ್ಮೋನು ಚಿಕಿತ್ಸೆಯ ಚರಿತ್ರೆ ನಿಜವಾಗಿ ನಮ್ಮೂರಿಗೆ ಮುಟ್ಟುವ ಜಾಗ ಇನ್ನೊಂದಿದೆ. ಅದು ಗರ್ಭಕೋಶದ ಆಪರೇಷನ್. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಸುಮಾರು ಶೇ. 3 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದಾರೆ. ಇವುಗಳಲ್ಲಿ ಮೂರರಲ್ಲಿ ಎರಡು ಪಾಲು ಖಾಸಗಿ ಆಸ್ಪತ್ರೆಗಳಲ್ಲಿ ಆದವು. ಹೆಚ್ಚಿನವಕ್ಕೆ ಕಾರಣ ಅತಿಯಾದ ರಕ್ತಸ್ರಾವ. ನಮ್ಮದೇ ರಾಜ್ಯದ ಕಲಬುರಗಿಯಲ್ಲಿ, ತಮ್ಮ ಗರ್ಭಕೋಶವನ್ನು ಅನಗತ್ಯವಾಗಿ ತೆಗೆಯಲಾಗಿದೆ ಎಂದು ಲಂಬಾಣಿ ಮತ್ತು ದಲಿತ ಹೆಂಗಸರು ಕಳೆದ ದಶಕದಲ್ಲಿ ಬೀದಿಗಿಳಿದು ಪ್ರತಿಭಟಿಸಿದ್ದು ನೆನಪಿರಬಹುದು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಆಪರೇಷನ್‌ಗಳನ್ನು ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೆ ಹೇಳಿತು.

ಆಪರೇಷನ್ ಅಗತ್ಯವಿದ್ದಾಗ ಮಾಡಿಸಲೇಬೇಕು, ಅದರಿಂದ ಎಷ್ಟೋ ಜೀವಗಳು ಉಳಿದಿವೆ. ಪ್ರಶ್ನೆ ಅದಲ್ಲ. "ಮಕ್ಕಳಾಯಿತಲ್ಲ, ಇನ್ನು ಅದು ಯಾಕೆ" ಎಂಬ ಒಂದು ಮಾತಿನಲ್ಲಿ ಗರ್ಭಕೋಶದ ಜೊತೆ ಎರಡೂ ಅಂಡಾಶಯಗಳನ್ನು ತೆಗೆದರೆ ಮುವತ್ತೆಂಟರ ಹೆಂಗಸು ಒಂದೇ ದಿನದಲ್ಲಿ ಐವತ್ತರ ಆಚೆಗೆ ಹೋಗುತ್ತಾಳೆ. ಹತ್ತು ವರ್ಷಗಳಲ್ಲಿ ನಿಧಾನವಾಗಿ ಇಳಿಯಬೇಕಾದ ಮೆಟ್ಟಿಲನ್ನು ಒಮ್ಮೆಗೇ ಹಾರಿದ ಹಾಗೆ. ನಲವತ್ತೈದರೊಳಗೆ ಅಂಡಾಶಯ ಕಳೆದುಕೊಂಡು ಹಾರ್ಮೋನು ಪಡೆಯದವರಲ್ಲಿ ಹೃದ್ರೋಗ, ಮೂಳೆ ಸವೆತ ಹೆಚ್ಚು ಎಂಬುದರ ಬಗ್ಗೆ ವೈದ್ಯಲೋಕದಲ್ಲಿ ಈಗ ಹೆಚ್ಚು ತಕರಾರಿಲ್ಲ. ಅಂಡಾಶಯ ಉಳಿಸಿದರೂ ಕೆಲವರಿಗೆ ಅದು ಬೇಗನೆ ಬತ್ತಬಹುದು.

2002ರ ತೀರ್ಪು ಐವತ್ತು ದಾಟಿದವರಿಗೆ ಹೇಳಿದ ಮಾತು. ಇವರಿಗೆ ಹೇಳಿದ್ದೇ ಅಲ್ಲ. ಬೇರೆ ತಡೆ ಇಲ್ಲದಿದ್ದರೆ ಇಂತಹವರಿಗೆ ಕನಿಷ್ಠ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ, ಅಂದರೆ ಸುಮಾರು ಐವತ್ತರವರೆಗೆ, ಹಾರ್ಮೋನು ಕೊಡಬೇಕೆಂದೇ ವೈದ್ಯ ಸಂಘಟನೆಗಳ ಮಾರ್ಗಸೂಚಿಗಳು ಹೇಳುತ್ತವೆ. ಬೇಡದ ಲಕ್ಷಾಂತರ ಮಂದಿಗೆ ದಶಕಗಳ ಕಾಲ ಬಲವಂತದಿಂದ ನುಂಗಿಸಿದ ಔಷಧ, ನಿಜವಾಗಿ ಬೇಕಾದವರ ಬಾಗಿಲಿಗೆ ಬರುವ ಹೊತ್ತಿಗೆ ಹೆಸರು ಕೆಡಿಸಿಕೊಂಡಿತ್ತು ಎಂಬುದೇ ಈ ಚರಿತ್ರೆಯ ದುರಂತ.

ಇದಕ್ಕೆ ಮದ್ದು ಆಪರೇಷನ್‌ಗೆ ಮೊದಲೇ ಕೇಳುವ ಕೆಲವು ಪ್ರಶ್ನೆಗಳು. ಗರ್ಭಕೋಶ ಮಾತ್ರವೇ, ಅಂಡಾಶಯವನ್ನೂ ತೆಗೆಯುತ್ತೀರಾ? ಯಾಕೆ? ಬೇರೆ ಚಿಕಿತ್ಸೆ ಇಲ್ಲವೇ? ತೆಗೆದ ಮೇಲೆ ಹಾರ್ಮೋನು ಬೇಕೇ? ಬಿಡುಗಡೆಯ ಚೀಟಿಯಲ್ಲಿ ಏನು ತೆಗೆದಿರಿ ಎಂದು ಸ್ಪಷ್ಟವಾಗಿ ಬರೆಯುತ್ತೀರಾ? ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ಕಾಲಿನ ರಕ್ತ ಹೆಪ್ಪುಗಟ್ಟಿದ ಹಿನ್ನೆಲೆ, ಯಕೃತ್ತಿನ ಕಾಯಿಲೆ ಇರುವವರಿಗೆ ಸಾಮಾನ್ಯವಾಗಿ ಹಾರ್ಮೋನು ಕೊಡುವುದಿಲ್ಲ. ಆದ್ದರಿಂದ ಪಕ್ಕದ ಮನೆಯವಳ ಮಾತ್ರೆ ತಂದು ನುಂಗುವ ವಿಷಯ ಇದಲ್ಲ. ಆದರೆ ಕೇಳದೆ ಸುಮ್ಮನಿರುವ ವಿಷಯವೂ ಅಲ್ಲ. ನಮ್ಮಲ್ಲಿ ಎಷ್ಟೋ ಸಲ ಈ ಪ್ರಶ್ನೆಗಳನ್ನು ಕೇಳಬೇಕಾದವರು ಗಂಡಂದಿರು, ಮಕ್ಕಳು. ಸಹಿ ಹಾಕುವವರು ಅವರೇ ತಾನೇ!

ಅನುಪಮಾ ನಿರಂಜನರು 'ಕೇಳು ಕಿಶೋರಿ' ಬರೆದು ಮುಟ್ಟು ಆರಂಭವಾಗುವ ಹುಡುಗಿಯರ ಸಂಕೋಚವನ್ನು ಬಿಡಿಸಿದರು. 'ತಾಯಿ ಮಗು' ಬರೆದು ಬಸುರಿಯರ ಕೈ ಹಿಡಿದರು. ಮುಟ್ಟು ನಿಂತ ಹೆಂಗಸಿನ ಜೊತೆ ಅಷ್ಟೇ ಸಲುಗೆಯಿಂದ ಮಾತಾಡುವ ಬರಹಗಳು ಕನ್ನಡದಲ್ಲಿ ಇನ್ನೂ ಬೇಕಾಗಿವೆ. ಕಥೆ ಬರೆಯುವ ನಾವೂ ತಲಾಖ್ ಬರೆದೆವು, ಹೆರಿಗೆ ಬರೆದೆವು, ಬುರ್ಖಾ ಬರೆದೆವು. ಐವತ್ತೈದರ ಹೆಂಗಸು ಮೆಟ್ಟಿಲು ಹತ್ತುವಾಗ ನಡುವೆ ಯಾಕೆ ನಿಂತಳು ಎಂದು ಬರೆದದ್ದು ಕಡಿಮೆ. ನಾಲಕ್ಕು ಹೆಣ್ಣುಮಕ್ಕಳ ಬಾಣಂತನ ಮುಗಿಸಿ, ಮೊಮ್ಮಕ್ಕಳನ್ನು ತೂಗಿ, ಎಲ್ಲರ ಕಾಯಿಲೆಗೂ ಆಸ್ಪತ್ರೆಯಲ್ಲಿ ಜೊತೆಗೆ ಕುಳಿತವಳು ಅವಳು.

ನಲವತ್ತೇಳಕ್ಕೆ ಮುಟ್ಟು ನಿಂತರೆ ಎದುರಿಗೆ ಇನ್ನೂ ಇಪ್ಪತ್ತೈದು ಮೂವತ್ತು ವರ್ಷಗಳ ಬದುಕು ಇದೆ. ಒಬ್ಬ ಹೆಂಗಸು ಮುಟ್ಟಾಗುತ್ತಾ ಕಳೆದ ಕಾಲದಷ್ಟೇ ದೊಡ್ಡದು. ಅಷ್ಟು ದೊಡ್ಡ ಕಾಲಕ್ಕೆ ನಿರಾಶೆ ಎಂಬ ಹೆಸರು ಒಪ್ಪುವುದಿಲ್ಲ. ಮೂವತ್ತು ನೋಂಬು ಪೂರ್ತಿ ಸಿಕ್ಕಿದ ವರ್ಷವೇ ಆರೋಗ್ಯ ಕೇಂದ್ರಕ್ಕೆ ಹೋಗಿ ತೋಳಿಗೆ ಬಿಪಿಯ ಪಟ್ಟಿ ಕಟ್ಟಿಸಿ, ಬೆರಳ ತುದಿಯಿಂದ ಒಂದು ಹನಿ ರಕ್ತ ಕೊಟ್ಟು ಶುಗರ್ ನೋಡಿಸಿಕೊಂಡರೆ ಅದಕ್ಕೆ ಖರ್ಚಾಗುವುದು ಅರ್ಧ ದಿನ. ಆ ಅರ್ಧ ದಿನದ ಅಡುಗೆಯನ್ನು ಮನೆಯ ಗಂಡಸರು ಮಾಡಲಿ.